ಅನ್ನ ಇಳಿಯದಾಗ: ಅನ್ನನಾಳದ ಕ್ಯಾನ್ಸರ್ ಮತ್ತು ಆಪರೇಷನ್



"ಸಿಸ್ಟರ್, ನಮ್ಮ ಯಜಮಾನರಿಗೆ ಮೂರು ತಿಂಗಳಿಂದ ಅನ್ನ ಇಳೀತಿಲ್ಲ. ಮೊದಲು ರೊಟ್ಟಿ ಸಿಕ್ಕಾಕೊಳ್ತಿತ್ತು, ಈಗ ಗಂಜಿನೂ ಕಷ್ಟ." ಸಭೆ ಮುಗಿದ ಮೇಲೆ ಒಬ್ಬ ತಾಯಿ ಹೀಗೆ ಹೇಳಿದರು. ಗ್ಯಾಸ್ ಇರಬೇಕು ಅಂತ ಮಾತ್ರೆ ಕೊಡುತ್ತಾ ದಿನ ತಳ್ಳಿದ್ದರು. ಎಂಡೋಸ್ಕೋಪಿ ಮಾಡಿಸಿದಾಗ ಅನ್ನನಾಳದ ಕ್ಯಾನ್ಸರ್ ಎಂದು ಗೊತ್ತಾಯಿತು. ಆಗ ಅವರು ಕೇಳಿದ್ದು ಎರಡೇ ಮಾತು: "ಆಪರೇಷನ್ ಮಾಡಿಸಿದ್ರೆ ಉಳೀತಾರಾ? ಎಲ್ಲಿ ಮಾಡಿಸೋದು?" ಈ ಸಲದ ಪಾಠ ಆ ಎರಡು ಪ್ರಶ್ನೆಗಳ ಬಗ್ಗೆ.

1. ಏನು ಮಾಡುತ್ತಾರೆ?

ರೋಗ ತಗುಲಿದ ಅನ್ನನಾಳವನ್ನು ತೆಗೆದು, ಸಾಮಾನ್ಯವಾಗಿ ಜಠರವನ್ನೇ ಕೊಳವೆಯಂತೆ ಮಾಡಿ ಮೇಲಕ್ಕೆಳೆದು, ಎದೆಯಲ್ಲೋ ಕುತ್ತಿಗೆಯಲ್ಲೋ ಜೋಡಿಸುತ್ತಾರೆ. ಇದು ಬಹಳ ದೊಡ್ಡ ಆಪರೇಷನ್. ಜೋಡಿಸಿದ ಜಾಗ ಸೋರಬಹುದು, ನ್ಯುಮೋನಿಯಾ ಆಗಬಹುದು.

2. ಹಿಂದೆ ಹೇಗಿತ್ತು?

1980ರಲ್ಲಿ ಅರ್ಲಮ್ ಮತ್ತು ಕುನ್ಹಾ-ಮೆಲೊ ಎಂಬ ವೈದ್ಯರು 83 ಸಾವಿರಕ್ಕೂ ಹೆಚ್ಚು ರೋಗಿಗಳ ವರದಿಗಳನ್ನು ಒಟ್ಟು ಮಾಡಿ ನೋಡಿದರು. ನೂರು ರೋಗಿಗಳಲ್ಲಿ 39 ಜನರಿಗೆ ಮಾತ್ರ ಗಡ್ಡೆ ತೆಗೆಯಲು ಸಾಧ್ಯವಾಗಿತ್ತು. ಅವರಲ್ಲಿ 13 ಜನ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರು. ಐದು ವರ್ಷ ಬದುಕಿದವರು ನಾಲ್ಕೇ ಜನ! "ಆಪರೇಷನ್ ಮಾಡಿಸಿದ್ರೆ ಸಾಯ್ತಾರೆ" ಎಂಬ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಆ ಕಾಲ ಈಗಿಲ್ಲ.

3. ನೆದರ್‌ಲೆಂಡ್ಸ್ ದೇಶ ಕಲಿತ ಪಾಠ

ಆ ದೇಶದವರು 1993ರಿಂದ 1998ರವರೆಗಿನ ಲೆಕ್ಕ ತೆಗೆದರು. ವರ್ಷಕ್ಕೆ ಹತ್ತು ಅಥವಾ ಅದಕ್ಕಿಂತ ಕಡಿಮೆ ಇಂಥ ಆಪರೇಷನ್ ಮಾಡುವ ಆಸ್ಪತ್ರೆಗಳಲ್ಲಿ ನೂರಕ್ಕೆ ಸುಮಾರು 12 ಜನ ಸಾಯುತ್ತಿದ್ದರು. ಐವತ್ತಕ್ಕಿಂತ ಹೆಚ್ಚು ಮಾಡುವ ಕಡೆ ನೂರಕ್ಕೆ ಸುಮಾರು 5 ಜನ. ಆಮೇಲೆ ಅಲ್ಲಿ ನಿಯಮ ಬಂತು: 2006ರಿಂದ ವರ್ಷಕ್ಕೆ ಕನಿಷ್ಠ 10, 2011ರಿಂದ ಕನಿಷ್ಠ 20 ಆಪರೇಷನ್ ಮಾಡುವ ಆಸ್ಪತ್ರೆಯೇ ಇದನ್ನು ಮಾಡಬೇಕು.

ಯಾಕೆ ಈ ವ್ಯತ್ಯಾಸ? ಸರ್ಜನ್ ಕೈಚಳಕ ಒಂದೇ ಅಲ್ಲ. ಸೋರಿಕೆಯನ್ನು ಬೇಗ ಗುರುತಿಸುವ ನರ್ಸ್, ರಾತ್ರಿಯಾದರೂ ಸ್ಕ್ಯಾನ್, ತೀವ್ರ ನಿಗಾ ಘಟಕ, ಉಸಿರಾಟದ ವ್ಯಾಯಾಮ ಹೇಳಿಕೊಡುವವರು – ಎಲ್ಲರಿಗೂ ಪಳಗಿದ ಕೈ ಬೇಕು.

ಅದೇ ದೇಶದಲ್ಲಿ ನಡೆದ 'ಕ್ರಾಸ್' ಅಧ್ಯಯನ 2012ರಲ್ಲಿ ಪ್ರಕಟವಾಯಿತು. ನೇರವಾಗಿ ಆಪರೇಷನ್ ಆದವರಲ್ಲಿ ನೂರಕ್ಕೆ 34 ಜನ ಐದು ವರ್ಷ ಬದುಕಿದ್ದರೆ, ಮೊದಲು ಐದು ವಾರ ಕೀಮೋ ಮತ್ತು ರೇಡಿಯೇಷನ್ ಪಡೆದವರಲ್ಲಿ 47 ಜನ ಬದುಕಿದ್ದರು. ಭಾರತದಲ್ಲಿ ಹೆಚ್ಚಾಗಿ ಕಾಣುವ 'ಸ್ಕ್ವಾಮಸ್' ಬಗೆಯ ಕ್ಯಾನ್ಸರ್‌ಗೂ ಇದರಿಂದ ಲಾಭವಾಗಿದೆ. ಆದ್ದರಿಂದ "ಯಾಕೆ ಕೂಡಲೇ ಆಪರೇಷನ್ ಮಾಡ್ತಿಲ್ಲ?" ಎಂದು ಗಾಬರಿಯಾಗಬೇಡಿ.

4. ನಾವೇನು ಮಾಡಬೇಕು?

• ನುಂಗಲು ಕಷ್ಟವಾದರೆ, ತೂಕ ಇಳಿದರೆ ಕಾಯಬೇಡಿ. ಎಂಡೋಸ್ಕೋಪಿ ಮಾಡಿಸಿ.
• ಬೀಡಿ, ಹೊಗೆಸೊಪ್ಪು, ಗುಟ್ಕಾ, ಕುಡಿತ ಈ ರೋಗಕ್ಕೆ ದಾರಿ. ಬಿಡಿಸಿ.
• ಧೈರ್ಯವಾಗಿ ಕೇಳಿ: "ಡಾಕ್ಟ್ರೇ, ಇಲ್ಲಿ ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಮಾಡ್ತೀರಿ?" ಇದು ಅಗೌರವದ ಪ್ರಶ್ನೆಯಲ್ಲ.
• ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.
• ರೋಗ ಹರಡಿದ್ದರೆ ಆಪರೇಷನ್ ಆಗದು. ಆಗಲೂ ಸ್ಟೆಂಟ್ ಅಥವಾ ರೇಡಿಯೇಷನ್‌ನಿಂದ ಗಂಜಿಯಾದರೂ ಇಳಿಯುವಂತೆ ಮಾಡಬಹುದು. ಕೈಬಿಡಬೇಡಿ.

ಆ ತಾಯಿ ಮನೆಯವರು ಹತ್ತಿರದ ಆಸ್ಪತ್ರೆಯೇ ಸಾಕು ಅಂದಿದ್ದರು. ಬಸ್ ಚಾರ್ಜು, ಕೂಲಿ ನಷ್ಟ ಯಾರು ಕೊಡ್ತಾರೆ? ಆದರೂ ಆಕೆ ಆ ಪ್ರಶ್ನೆ ಕೇಳಿದರು. ಡಾಕ್ಟರು ಪ್ರಾಮಾಣಿಕರು. "ವರ್ಷಕ್ಕೆ ಒಂದೋ ಎರಡೋ ಅಮ್ಮಾ, ದೊಡ್ಡ ಆಸ್ಪತ್ರೆಗೆ ಹೋಗಿ" ಎಂದು ಚೀಟಿ ಬರೆದುಕೊಟ್ಟರು. ಸಂಘದವರು ಸರದಿ ಮೇಲೆ ಜೊತೆಗೆ ಹೋದರು. ಈಗ ಆ ಯಜಮಾನರು ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಊಟ ಮಾಡುತ್ತಾರೆ, ಊಟವಾದ ಕೂಡಲೇ ಮಲಗುವುದಿಲ್ಲ, ತಪಾಸಣೆ ತಪ್ಪಿಸುವುದಿಲ್ಲ.

ಚರ್ಚೆಗೆ:
1. ನಮ್ಮ ಊರಲ್ಲಿ "ಗ್ಯಾಸ್" ಅಂತ ಸುಮ್ಮನಿರುವವರು ಯಾರಾದರೂ ಇದ್ದಾರಾ?
2. ದೂರದ ಆಸ್ಪತ್ರೆಗೆ ಹೋಗುವವರಿಗೆ ನಮ್ಮ ಸಂಘ ಹೇಗೆ ಜೊತೆಯಾಗಬಹುದು?