ಕ್ರೈಸ್ತ ಐತಿಹಾಸಿಕ ಪ್ರಣಯಕಾದಂಬರಿಗಳೂ ನಮ್ಮ ವಿದ್ಯಾರ್ಥಿನಿಯರೂ

ನಮ್ಮ ಗ್ರಂಥಾಲಯದ ಮೂರನೆಯ ಕಪಾಟಿನ ಕೆಳಗಿನ ಹಲಗೆಯು ಪೂರ್ವವಿದ್ಯಾರ್ಥಿನಿಯರಾದ ನಿಮ್ಮಲ್ಲಿ ಅನೇಕರಿಗೆ ನೆನಪಿರಲಿಕ್ಕೆ ಸಾಕು. ಮೇಲಿನ ಹಲಗೆಗಳಲ್ಲಿರುವ ಜೀವನಚರಿತ್ರೆಗಳೂ ವಿಜ್ಞಾನದ ಪುಸ್ತಕಗಳೂ ಅಚ್ಚುಕಟ್ಟಾಗಿ ನಿಂತಿರುವವು. ಕೆಳಗಿನ ಹಲಗೆಯ ಪುಸ್ತಕಗಳಿಗೆ ಮಾತ್ರ ಬೆನ್ನು ಹರಿದು, ಕಂದು ಕಾಗದದ ಹೊದಿಕೆಯು ಎರಡೆರಡು ಸಲ ಬದಲಾಗಿರುವದು. ಸಣ್ಣ ಹುಡುಗಿಯರ ಸಲುವಾಗಿ ಸಂಕ್ಷೇಪಿಸಿದ "ಬೆನ್‌ಹರ್", ಹಳೆಯ "ಕ್ವೋ ವಾಡಿಸ್", ಆಮೇಲೆ ಪೂರ್ವವಿದ್ಯಾರ್ಥಿನಿಯರು ಕಾಣಿಕೆಯಾಗಿ ಕೊಟ್ಟ ಈಚಿನ ಅಮೇರಿಕನ್ ಕಾದಂಬರಿಗಳು ಅಲ್ಲಿರುವವು. ಭೂಗೋಲದ ನಕಾಶೆಯ ಪುಸ್ತಕದೊಳಗೆ ಅಡಗಿಸಿಟ್ಟು ಇವುಗಳನ್ನು ಓದುವ ಹುಡುಗಿಯನ್ನು ನಾನು ಪ್ರತಿವರ್ಷವೂ ಒಬ್ಬಳನ್ನಾದರೂ ಹಿಡಿಯುತ್ತೇನೆ. ಹಿಡಿದು, ಮನಸ್ಸಿನಲ್ಲಿ ನಗುತ್ತೇನೆ, ಏಕೆಂದರೆ ನಾನೂ ಹಾಗೆಯೇ ಓದಿದವಳು.

ಹೋದ ವರ್ಷ ಪಾಲಕರೊಬ್ಬರು ನನ್ನ ಕೋಣೆಗೆ ಬಂದು, ತಮ್ಮ ಮಗಳ ಚೀಲದಲ್ಲಿ ದೊರೆತ ಇಂಥದೊಂದು ಪುಸ್ತಕವನ್ನು ಮೇಜಿನ ಮೇಲಿಟ್ಟರು. ಕ್ರೈಸ್ತ ಎಂಬ ವಿಶೇಷಣವನ್ನು ಹಚ್ಚಿದ ಮಾತ್ರಕ್ಕೆ ಪ್ರೇಮಕಥೆಯು ಪಾಠವಾಗುವದೋ ಎಂದು ವಿನಯದಿಂದಲೇ ಕೇಳಿದರು. ಪ್ರಶ್ನೆಯು ಯೋಗ್ಯವಾದದ್ದು. ಆ ದಿನ ನಾನು ಕೊಟ್ಟ ಉತ್ತರವು ಅರ್ಧಮರ್ಧವಾಗಿತ್ತು. ಈ ಸ್ಮರಣಸಂಚಿಕೆಯ ಸಂಪಾದಕಮಂಡಲಿಯವರು ಒಂದು ಲೇಖನವನ್ನು ಕೇಳಿದ್ದರಿಂದ ಉಳಿದರ್ಧವನ್ನು ಇಲ್ಲಿ ಬರೆಯಲು ಯತ್ನಿಸುತ್ತೇನೆ.

ಈ ಜಾತಿಯ ಕಾದಂಬರಿಯು ಮೂರೆಳೆಯ ಹೆರಳಿನಂತೆ ಹೆಣೆದದ್ದು. ಗತಕಾಲವೊಂದು ಎಳೆ, ಪ್ರಣಯವೊಂದು ಎಳೆ, ವಿಶ್ವಾಸದ ಪರೀಕ್ಷೆಯು ಮೂರನೆಯದು. ಅಮೇರಿಕದ ಸೇನಾಪತಿ ಲ್ಯೂ ವಾಲೆಸನು 1880ರಲ್ಲಿ ಪ್ರಕಟಿಸಿದ "ಬೆನ್‌ಹರ್" ಕಾದಂಬರಿಯಲ್ಲಿ ಪ್ರಣಯದ ಎಳೆಯು ತೆಳುವಾದದ್ದು. ರಥಗಳ ಪಂದ್ಯವನ್ನು ಮರೆಯದ ವಾಚಕರು ನಾಯಿಕೆಯ ಹೆಸರನ್ನು ಮರೆಯುವರು. ಪೋಲಿಷ್ ಭಾಷೆಯಲ್ಲಿ ಸಿಯೆಂಕಿಯೆವಿಚ್‌ನು ಬರೆದು 1896ರಲ್ಲಿ ಮುಗಿಸಿದ "ಕ್ವೋ ವಾಡಿಸ್" ಹಾಗಲ್ಲ. ನೀರೋ ಚಕ್ರವರ್ತಿಯ ರೋಮಿನಲ್ಲಿ ಲಿಗಿಯಾ ಎಂಬ ಕ್ರೈಸ್ತ ಕನ್ಯೆಯನ್ನು ಬಲಾತ್ಕಾರದಿಂದ ಪಡೆಯಬೇಕೆಂದು ಹೊರಟ ವಿನಿಕಿಯಸ್ ಎಂಬ ಸೈನ್ಯಾಧಿಕಾರಿಯು, ಪಡೆಯುವದೆಂದರೇನೆಂಬದನ್ನೇ ಕಲಿತು ಬೇರೊಬ್ಬನಾಗುವನು. ಈ ಗ್ರಂಥಕಾರನಿಗೆ 1905ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಆದರೆ ಇದು ಪರದೇಶದಿಂದ ಬಂದ ಹೊಸ ರುಚಿಯೆಂದು ತಿಳಿಯಬಾರದು. ನಮ್ಮ ಧಾರವಾಡ ಸೀಮೆಯು ಐತಿಹಾಸಿಕ ಕಾದಂಬರಿಯ ತವರುಮನೆ. ವೆಂಕಟೇಶ ತಿರಕೋ ಕುಲಕರ್ಣಿಯವರು, ಎಂದರೆ ನಮ್ಮೆಲ್ಲರ ಗಳಗನಾಥರು, 1869ರಿಂದ 1942ರವರೆಗೆ ಬಾಳಿದವರು. ವಿಜಯನಗರದ ಸ್ಥಾಪನೆಯನ್ನು ಕುರಿತ "ಮಾಧವ ಕರುಣಾವಿಲಾಸ"ದಂಥ ಕಾದಂಬರಿಗಳನ್ನು ಬರೆದು, ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಬೈಬಲ್ ಪಾಠದಲ್ಲಿ ಕುಳಿತ ನಮ್ಮ ಹುಡುಗಿಯರಂತೂ ಇದಕ್ಕೂ ಮೊದಲೇ ಒಂದು ಐತಿಹಾಸಿಕ ಪ್ರಣಯಕಥೆಯನ್ನು ಕೇಳಿರುವರು. ರೂತಳ ಚರಿತ್ರೆಯು ನ್ಯಾಯಸ್ಥಾಪಕರ ಕಾಲದ ಮಾತೆಂದು ಹೇಳಿಯೇ ಆರಂಭವಾಗುವದು. ಅಂದರೆ ಅದನ್ನು ಬರೆದವನಿಗೂ ಅದು ಹಿಂದಿನ ಕಾಲವೇ ಆಗಿತ್ತು. ಕ್ಷಾಮ, ವಲಸೆ, ಮೂವರು ವಿಧವೆಯರು, ಜವೆಗೋದಿಯ ಸುಗ್ಗಿ, ಕಣದಲ್ಲಿ ಒಂದು ರಾತ್ರಿ, ಕಡೆಗೆ ವಿವಾಹ. ಯಾವ ಕಾದಂಬರಿಕಾರನು ಇದಕ್ಕೆ ಹೆಚ್ಚಿನದೇನನ್ನು ಕೂಡಿಸಬಲ್ಲನು?

ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಬರವಣಿಗೆಯು ಬಹುಮಟ್ಟಿಗೆ ಸ್ತ್ರೀಯರ ಕೈಗೆ ಬಂದಿತು. ಕೆನಡಾ ದೇಶದ ಜಾನೆಟ್ ಓಕ್ ಎಂಬ ಲೇಖಿಕೆಯ "ಲವ್ ಕಮ್ಸ್ ಸಾಫ್ಟ್ಲಿ" 1979ರಲ್ಲಿ ಹೊರಬಿದ್ದಿತು. ಹೊಸ ಭೂಮಿಯನ್ನು ಅರಸುತ್ತ ಪಶ್ಚಿಮಕ್ಕೆ ಗಾಡಿಯಲ್ಲಿ ಹೊರಟ ಮಾರ್ಟಿ ಎಂಬ ತರುಣಿಯು ದಾರಿಯಲ್ಲಿಯೇ ಗಂಡನನ್ನು ಕಳೆದುಕೊಳ್ಳುವಳು. ಆಕೆ ಗರ್ಭಿಣಿ, ಚಳಿಗಾಲವು ಸಮೀಪಿಸಿದೆ, ಕೈಯಲ್ಲಿ ಕಾಸಿಲ್ಲ. ಹೆಂಡತಿಯನ್ನು ಕಳೆದುಕೊಂಡು ಎಳೆಯ ಮಗಳೊಡನೆ ಇರುವ ಕ್ಲಾರ್ಕ್ ಎಂಬ ಒಕ್ಕಲಿಗನು, ಮಗುವಿಗೆ ತಾಯಿಯು ಬೇಕು, ನಿನಗೆ ಆಸರೆ ಬೇಕು, ಮದುವೆಯಾಗೋಣ ಎನ್ನುವನು. ಗಂಡನ ಗೋರಿಯ ಮಣ್ಣು ಆರುವ ಮೊದಲೇ ಆ ಲಗ್ನವಾಗುವದು. ಪ್ರೀತಿಯು ಹೆಜ್ಜೆಯ ಸಪ್ಪಳವಿಲ್ಲದೆ ಆಮೇಲೆ ಬರುವದು.

ಫ್ರಾನ್ಸೀನ್ ರಿವರ್ಸ್ ಎಂಬಾಕೆಯು 1993ರಲ್ಲಿ ಪ್ರಕಟಿಸಿದ "ಎ ವಾಯ್ಸ್ ಇನ್ ದ ವಿಂಡ್" ಇದಕ್ಕಿಂತ ಕಠೋರವಾದದ್ದು. ಕ್ರಿ.ಶ. 70ರಲ್ಲಿ ಯೆರೂಸಲೇಮು ಪತನವಾದ ಮೇಲೆ ದಾಸಿಯಾಗಿ ರೋಮಿಗೆ ಬಂದ ಹದಸ್ಸಾ ಎಂಬ ಹುಡುಗಿಯು, ಒಡೆಯನ ಮಗನು ತಾನಾಗಿ ಮದುವೆಯನ್ನು ಕೇಳಿದಾಗ, ಅವನನ್ನು ಪ್ರೀತಿಸುತ್ತಿದ್ದೂ, ಅವನಿಗೆ ದೇವರಲ್ಲಿ ವಿಶ್ವಾಸವಿಲ್ಲವೆಂದು ಒಲ್ಲೆನೆನ್ನುವಳು. ಹತ್ತನೆಯ ವರ್ಗದ ಹುಡುಗಿಯರಲ್ಲಿ ಈ ಪುಸ್ತಕದ ಕೊನೆಯ ಪುಟಕ್ಕೆ ಅಳದವರನ್ನು ನಾನು ಕಂಡಿಲ್ಲ.

ಇವುಗಳ ಆಕರ್ಷಣೆಯ ಮೂಲವೇನು? ಪೋಷಾಕು, ಅರಮನೆ, ಕುದುರೆಗಾಡಿಗಳೆಂದು ಹೇಳುವರುಂಟು. ಅದು ಮೇಲಿನ ಕೆನೆ ಮಾತ್ರ. ನನ್ನ ತಿಳುವಳಿಕೆಯ ಪ್ರಕಾರ ಕಾರಣವು ಬೇರೆ. ಗತಕಾಲದಲ್ಲಿ ಹೆಣ್ಣಿನ ಸುತ್ತಲಿನ ಗೋಡೆಗಳು ಸ್ಪಷ್ಟವಾಗಿ ಕಾಣುವವು. ಆಕೆಯ ಊಟ, ಮನೆ, ವರ, ದುಡ್ಡು ಎಲ್ಲವೂ ಇನ್ನೊಬ್ಬರ ಕೈಯಲ್ಲಿ. ಮನಸ್ಸಾಕ್ಷಿಯೊಂದೇ ಅವಳದು. ಆದುದರಿಂದ ಅವಳು ಹೂಂ ಎಂದರೂ ಒಲ್ಲೆನೆಂದರೂ ಆ ಒಂದು ಶಬ್ದಕ್ಕೆ ಒಂದು ಯುದ್ಧದಷ್ಟು ಬೆಲೆ ಬರುವದು. ತನಗೆ ಬೇಕಾದವನನ್ನು ಬೇಕಾದಾಗ ಆರಿಸಿಕೊಳ್ಳಬಲ್ಲ ಅಮೇರಿಕದ ವಾಚಕಳಿಗೆ ಇದೊಂದು ದೂರದ ಕಾಲದ ವಿಸ್ಮಯ. ಅವಳು ಪುಸ್ತಕವನ್ನು ಮುಚ್ಚಿ ತನ್ನ ಕಾಲಕ್ಕೆ ಮರಳುವಳು.

ನಮ್ಮ ಹುಡುಗಿಯು ಹಾಗೆ ಮರಳಲಾರಳು. ಪರಿಚಯವಿಲ್ಲದವನೊಡನೆ ಮದುವೆ, ಮದುವೆಯಾದ ಮೇಲೆ ಪ್ರೀತಿ, ಎಂಬದು ಅವಳಿಗೆ ಗತಕಾಲವಲ್ಲ. ಅವಳ ಅಕ್ಕನ ಲಗ್ನವು ಹೋದ ವೈಶಾಖದಲ್ಲಿ ಹಾಗೆಯೇ ಆಗಿರುವದು. ಅಲ್ಲಿ ಇತಿಹಾಸವಾದದ್ದು ಇಲ್ಲಿ ಇಂದಿನ ಮಾತು. ಆದಕಾರಣ ನಮ್ಮವಳು ಆ ಕಾದಂಬರಿಯನ್ನು ಕಥೆಯೆಂದು ಓದದೆ ದಾರಿಯ ನಕಾಶೆಯೆಂದು ಓದುವಳು. ಇದನ್ನು ನಾನು ಬಹುಕಾಲ ಗಮನಿಸಲಿಲ್ಲ.

ಗಮನಿಸುವಂತೆ ಮಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ಆಕೆಯ ಅನುಮತಿಯಿಂದಲೇ ಇದನ್ನು ಬರೆಯುತ್ತಿರುವೆನು, ಹೆಸರನ್ನು ಕೇಳಬೇಡಿರಿ. ಜಾನೆಟ್ ಓಕಳ ಪುಸ್ತಕವನ್ನು ಹತ್ತನೆಯ ವರ್ಗದಲ್ಲಿ ಆಕೆಯ ಕೈಗೆ ಕೊಟ್ಟವಳು ನಾನೇ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅರ್ಧ ತಾಸು ನೋಡಿದ ವರನನ್ನು ಕುರಿತು ಅವಳಿಗೆ ಮನಸ್ಸಿನಲ್ಲಿ ಅಳುಕಿತ್ತಂತೆ. ಹಿರಿಯರು ಒತ್ತಾಯಪಡಿಸಲಿಲ್ಲ. ಮಾರ್ಟಿಗೆ ಆದಂತೆ ತನಗೂ ಆಗುವದೆಂದು ತಾನೇ ಸಮಾಧಾನ ಮಾಡಿಕೊಂಡು ಒಪ್ಪಿದಳು. ಗಂಡನು ಹೊಡೆಯುವವನಲ್ಲ, ಕುಡಿಯುವವನೂ ಅಲ್ಲ. ಆದರೆ ಮದುವೆಯಾದ ತಿಂಗಳೊಳಗೆ ಆಕೆಯ ಶಿಕ್ಷಕಿಯ ಪರೀಕ್ಷೆಯ ಪ್ರಮಾಣಪತ್ರಗಳನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದನು. ತವರಿಗೆ ಹೋಗುವ ದಿನಗಳನ್ನು ತಾನೇ ಎಣಿಸಿ ಕೊಟ್ಟನು. ಆರು ವರ್ಷ ಅವಳು ಪ್ರೀತಿಯ ದಾರಿಯನ್ನು ಕಾಯ್ದಳು. ಆಮೇಲೆ ತಾಯಿಯ ಮನೆಗೆ ಬಂದಳು.

ನನ್ನನ್ನು ಕಾಣಬಂದ ದಿನ ಆಕೆ ಅಳಲಿಲ್ಲ, ದೂರಲೂ ಇಲ್ಲ. "ಅಕ್ಕೋರ, ಪುಸ್ತಕದಾಗಿನ ಮಾತು ಸುಳ್ಳಂತ ನಾ ಅನ್ನೂದಿಲ್ಲ. ಆದರ ಅದು ನನಗ ಯಾಕ ಖರೇ ಆಗಲಿಲ್ಲ, ಅದನ್ನ ನೀವು ಹೇಳಬೇಕು," ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಅಂದು ರಾತ್ರಿ ಪುಸ್ತಕವನ್ನು ಮನೆಗೆ ಒಯ್ದು, ಪಾಠಕ್ಕೆ ಸಿದ್ಧಳಾಗುವವಳಂತೆ ಕೈಯಲ್ಲಿ ಪೆನ್ಸಿಲು ಹಿಡಿದು ಓದಿದೆನು. ಉತ್ತರವು ಆರಂಭದ ಪುಟಗಳಲ್ಲಿಯೇ ಇದ್ದಿತು. ಮದುವೆಯನ್ನು ಕೇಳುವಾಗಲೇ ಕ್ಲಾರ್ಕನು ಒಂದು ಮಾತು ಕೊಡುವನು: ವಸಂತದಲ್ಲಿ ಗಾಡಿಗಳ ಸಾಲು ಪೂರ್ವಕ್ಕೆ ಮರಳುವಾಗ ನಿನಗೆ ಇಲ್ಲಿರಲು ಮನಸ್ಸಿಲ್ಲದಿದ್ದರೆ ನಿನ್ನ ದಾರಿಯ ವೆಚ್ಚವನ್ನು ನಾನು ಕೊಡುವೆನು, ನನ್ನ ಮಗಳನ್ನೂ ಜೊತೆಗೆ ಕರೆದೊಯ್ಯಬೇಕು, ಎಂದು. ಅಲ್ಲಿಯವರೆಗೆ ಮನೆಯನ್ನು ಅವಳಿಗೆ ಬಿಟ್ಟು ತಾನು ಪಕ್ಕದ ಇಳಿಮಾಡಿನಲ್ಲಿ ಮಲಗುವನು. ಹೊರಗೆ ಹೋಗುವ ಬಾಗಿಲು ಮೊದಲು ತೆರೆಯಿತು; ಪ್ರೀತಿಯು ಆ ಬಾಗಿಲಿನಿಂದ ಒಳಗೆ ಬಂದಿತು. ಹುಡುಗಿಯರಿಗೆ ನೆನಪುಳಿಯುವದು ಕೊನೆಯ ಪ್ರಕರಣ. ನಾನು ಕಲಿಸಬೇಕಾಗಿದ್ದದ್ದು ಈ ಪುಟಗಳನ್ನು, ಕಲಿಸಿರಲಿಲ್ಲ.

ಇದನ್ನು ಕಂಡ ಮೇಲೆ ರೂತಳ ಕಥೆಯನ್ನೂ ಮತ್ತೆ ಓದಿದೆನು. ನೊವೊಮಿಯು ಸೊಸೆಯಂದಿರಿಗೆ ಮೊದಲು ಹೇಳುವದೇ ತಿರುಗಿ ಹೋಗಿರೆಂದು. ಒಮ್ಮೆಯಲ್ಲ, ಮತ್ತೆ ಮತ್ತೆ ಹೇಳುವಳು. ಒರ್ಫಾ ಎಂಬ ಸೊಸೆಯು ಮುದ್ದಿಟ್ಟು ಹೋಗಿಯೇ ಬಿಡುವಳು, ಮತ್ತು ಗ್ರಂಥದಲ್ಲಿ ಆಕೆಯನ್ನು ನಿಂದಿಸುವ ಒಂದು ಶಬ್ದವೂ ಇಲ್ಲ. ಹೋಗಲು ಸ್ವತಂತ್ರಳಾಗಿದ್ದು ಉಳಿದದ್ದರಿಂದಲೇ ರೂತಳ ನಿಷ್ಠೆಯು ನಿಷ್ಠೆಯೆನಿಸಿತು. ವೇದಿಕೆಯ ಮೇಲಿಂದ ರೂತಳನ್ನು ಹೊಗಳಿ ಒರ್ಫಾಳನ್ನು ಹಳಿಯುವ ಉಪದೇಶಗಳನ್ನು ನಾನು ಚಿಕ್ಕಂದಿನಿಂದ ಕೇಳಿರುವೆನು. ಅವುಗಳನ್ನು ಇನ್ನು ಮೇಲೆ ಮೌನವಾಗಿ ಕೇಳುವದು ನನ್ನಿಂದಾಗದು.

ಈಗ ನಮ್ಮ ನಾಡಿನ ಪುಸ್ತಕಗಳಿಗೆ ಬರೋಣ. ಹತ್ತಿರದ ಬೆಳಗಾವಿಯಲ್ಲಿ 1831ರಲ್ಲಿ ಹುಟ್ಟಿದ ಬಾಬಾ ಪದಮನಜಿಯವರು 1857ರಲ್ಲಿ ಮರಾಠಿಯಲ್ಲಿ "ಯಮುನಾಪರ್ಯಟನ"ವನ್ನು ಪ್ರಕಟಿಸಿದರು. ಮರಾಠಿಯ ಮೊದಲನೆಯ ಕಾದಂಬರಿಯೆಂದು ಅದಕ್ಕೆ ಹೆಸರು. ಗಂಡನೊಡನೆ ಪ್ರವಾಸಮಾಡುತ್ತ ವಿಧವೆಯರ ದುಃಖವನ್ನು ಕಣ್ಣಾರೆ ಕಂಡ ಯಮುನೆಯು ಕಡೆಗೆ ತಾನೇ ವಿಧವೆಯಾಗಿ, ಕ್ರೈಸ್ತಳಾಗಿ, ಮರುವಿವಾಹವಾಗುವಳು. ವಿಧವಾವಿವಾಹದ ಕಾಯ್ದೆಯು ಬಂದದ್ದು ಅದರ ಹಿಂದಿನ ವರ್ಷ, 1856ರಲ್ಲಿ. ಬರೆದಾಗ ಅದು ಐತಿಹಾಸಿಕ ಕಾದಂಬರಿಯಾಗಿರಲಿಲ್ಲ. ಕಾಲವು ಅದನ್ನು ಹಾಗೆ ಮಾಡಿರುವದು. ಆದರೂ ಅದರ ಕೊನೆಯ ಪ್ರಕರಣವು ಎಲ್ಲ ಗಂಟುಗಳನ್ನೂ ಒಮ್ಮೆಲೆ ಬಿಚ್ಚುವದನ್ನು ಕಂಡು ನನಗೆ ಸಂಶಯವೇ ಆಗುವದು.

ಆ ಸಂಶಯಕ್ಕೆ ಮದ್ದಾಗಿ ನಾನು ಹುಡುಗಿಯರ ಕೈಗೆ ಕೊಡುವ ಪುಸ್ತಕವೆಂದರೆ ಕೃಪಾಬಾಯಿ ಸತ್ಯನಾಥನ್‌ರವರ "ಸಗುಣಾ". 1862ರಲ್ಲಿ ಅಹಮದನಗರದಲ್ಲಿ ಹುಟ್ಟಿ, ವೈದ್ಯಶಿಕ್ಷಣಕ್ಕೆಂದು ಮದ್ರಾಸಿಗೆ ಹೋಗಿ, ಆರೋಗ್ಯವು ಕೆಟ್ಟದ್ದರಿಂದ ಅದನ್ನು ಬಿಡಬೇಕಾಗಿ ಬಂದು, 1894ರಲ್ಲಿ, ಇನ್ನೂ ತಾರುಣ್ಯದಲ್ಲಿಯೇ, ಆಕೆ ತೀರಿಕೊಂಡರು. ತಮ್ಮ ಜೀವನವನ್ನೇ ಕಥೆಯಾಗಿ ಮಾಡಿ ಇಂಗ್ಲಿಷಿನಲ್ಲಿ ಬರೆದ ಈ ಗ್ರಂಥವು 1887-88ರಲ್ಲಿ ಮದ್ರಾಸಿನ ಮಾಸಪತ್ರಿಕೆಯೊಂದರಲ್ಲಿ ಬಂದಿತು. ಅದರಲ್ಲಿ ತಾಯಿ ರಾಧೆಯ ಚಿತ್ರವನ್ನು ನೋಡಿರಿ. ಗಂಡನು ಹೊಸ ಮತವನ್ನು ಸ್ವೀಕರಿಸಿದನೆಂದು ತನ್ನವರೆಲ್ಲರನ್ನೂ ಬಿಟ್ಟು ಬರಬೇಕಾಗಿ ಬಂದ ಆ ಬ್ರಾಹ್ಮಣ ಸ್ತ್ರೀಯ ಸಂಕಟವನ್ನು ಮಗಳು ಮರೆಮಾಚದೆ ಬರೆದಿರುವಳು. ಕ್ರೈಸ್ತಳಾದ ಮಗಳು ಕ್ರೈಸ್ತ ಗ್ರಂಥದಲ್ಲಿ ಇದನ್ನು ಬರೆಯಬಲ್ಲಳೆಂಬದೇ ನಮ್ಮ ಹುಡುಗಿಯರಿಗೆ ದೊಡ್ಡ ಪಾಠ.

ನಿಜವಾದ ಐತಿಹಾಸಿಕ ಕಾದಂಬರಿಗಳು ನಮ್ಮ ಪ್ರಾಂತದಲ್ಲಿಯೇ ಹುಟ್ಟಿದ್ದು ಮಂಗಳೂರಿನ ಕಡೆ, ಕೊಂಕಣಿ ಭಾಷೆಯಲ್ಲಿ, ನಮ್ಮ ಕನ್ನಡ ಲಿಪಿಯಲ್ಲಿ. "ಖಡಾಪ್" ಎಂಬ ಹೆಸರಿನಿಂದ ಬರೆದ ವಿ. ಜೆ. ಪಿ. ಸಲ್ಡಾನ್ಹಾರವರು "ಬೆಳ್ತಂಗಡಿಚೊ ಬಾಲ್ತಜಾರ್" ಮೊದಲಾದ ಕಾದಂಬರಿಗಳಲ್ಲಿ, 1784ರಲ್ಲಿ ಟೀಪು ಸುಲ್ತಾನನ ಆಜ್ಞೆಯಿಂದ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದು ಹೋದ ಕೆನರಾದ ಕಥೋಲಿಕರನ್ನೂ, 1799ರವರೆಗಿನ ಅವರ ಬಂಧನವನ್ನೂ ಚಿತ್ರಿಸಿರುವರು. ಸೆರೆಯಾದವರ ಸಂಖ್ಯೆಯನ್ನು ಇತಿಹಾಸಕಾರರು 30,000ದಿಂದ 80,000ದವರೆಗೆ ಬೇರೆ ಬೇರೆಯಾಗಿ ಹೇಳುವರು. ಕಾದಂಬರಿಕಾರನಿಗೆ ಸಂಖ್ಯೆಯು ಬೇಡ. ಒಬ್ಬ ತಾಯಿ, ಒಬ್ಬ ಯುವಕನು ಸಾಕು. ತನ್ನವರು ಪಟ್ಟ ಪಾಡಿಗೆ ಒಂದು ಮುಖವನ್ನು ಕೊಡಬೇಕೆಂಬದು ಸಹಜವಾದ ಆಸೆ. ಆದರೆ ಇಲ್ಲಿ ಎಚ್ಚರವೂ ಬೇಕು. ನಮ್ಮ ವರ್ಗದಲ್ಲಿ ಮೇರಿಯೂ ಫಾತಿಮಾಳೂ ಒಂದೇ ಬೆಂಚಿನ ಮೇಲೆ ಕುಳಿತಿರುವರು. ಇಂಥ ಕಥೆಯ ಜೊತೆಗೆ ಆ ಕಾಲದ ಇತಿಹಾಸವನ್ನೂ, ಮಂಗಳೂರಿನ ಯುದ್ಧವನ್ನೂ, ಇಂಗ್ಲಿಷರ ಪಕ್ಷ ವಹಿಸಿದರೆಂದು ಆ ಜನರ ಮೇಲೆ ಹೊರಿಸಿದ ಆರೋಪವನ್ನೂ ಕಲಿಸದೆ ಬಿಟ್ಟರೆ, ಇನ್ನೂರು ವರ್ಷಗಳ ಹಿಂದಿನ ಗಾಯವನ್ನು ಇಂದಿನ ನೆರೆಯವರ ಮೈಮೇಲೆ ಹುಡುಕುವ ಅಭ್ಯಾಸವು ಬೆಳೆಯುವದು.

ಈಗ ಶುಕ್ರವಾರದ ಗ್ರಂಥಾಲಯದ ತಾಸಿನಲ್ಲಿ ನಾವು ಹೀಗೆ ಮಾಡುತ್ತಿರುವೆವು. ಕಾದಂಬರಿಯನ್ನು ಓದಿದವಳು ಮೊದಲು ಹಲಗೆಯ ಮೇಲೆ ಎರಡು ವರ್ಷಗಳನ್ನು ಬರೆಯಬೇಕು: ಕಥೆಯು ನಡೆದದ್ದು ಯಾವಾಗ, ಪುಸ್ತಕವನ್ನು ಬರೆದದ್ದು ಯಾವಾಗ. ಆಮೇಲೆ ನಾಯಿಕೆಯು ಒಲ್ಲೆನೆಂದಿದ್ದರೆ ಎಲ್ಲಿಗೆ ಹೋಗಬಹುದಾಗಿತ್ತು, ಅವಳ ಕೈಯಲ್ಲಿ ಎಷ್ಟು ದುಡ್ಡಿತ್ತು, ಬಾಗಿಲನ್ನು ತೆರೆದವರು ಯಾರು, ಎಂದು ಹುಡುಕಿ ಹೇಳಬೇಕು. ಮೊದಲನೆಯ ಸಲ ಹುಡುಗಿಯರು ನಕ್ಕರು. ಎರಡನೆಯ ವಾರ ಎಂಟನೆಯ ವರ್ಗದ ಒಬ್ಬಳು ಎದ್ದು, ಕಥೆಯ ನಾಯಿಕೆಯನ್ನು ಬಿಟ್ಟು ತನ್ನ ಚಿಕ್ಕಮ್ಮನ ಮಾತನ್ನು ಹೇಳತೊಡಗಿದಳು. ತಾಸು ಮುಗಿದ ಗಂಟೆಯಾದರೂ ಯಾರೂ ಏಳಲಿಲ್ಲ.

ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದ ಆ ಪಾಲಕರಿಗೆ ಇದನ್ನೆಲ್ಲ ತಿಳಿಸಿ, ಪುಸ್ತಕವನ್ನು ತಾವೂ ಒಮ್ಮೆ ಓದಬೇಕೆಂದು ಬೇಡಿಕೊಂಡೆನು. ಒಂದು ತಿಂಗಳಿಟ್ಟುಕೊಂಡು ಮರಳಿಸಿದರು. ಮನೆಯಲ್ಲಿ ಅವರ ಹೆಂಡತಿಯವರೂ ಓದಿದರಂತೆ. ನನ್ನ ಹಳೆಯ ವಿದ್ಯಾರ್ಥಿನಿಯು ತನ್ನ ಪ್ರಮಾಣಪತ್ರಗಳ ನಕಲುಗಳನ್ನು ಪಡೆದು ಈಗ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿರುವಳು. ಕೆಳಗಿನ ಹಲಗೆಯ ಆ ಪುಸ್ತಕವನ್ನು ತೆಗೆದುಬಿಡಲೇ ಎಂದು ಕೇಳಿದ್ದಕ್ಕೆ ಆಕೆ ಬೇಡವೆಂದಳು. ಶನಿವಾರ ಮಧ್ಯಾಹ್ನ ಆಕೆಯು ಬಂದು ಕಪಾಟಿನ ಪುಸ್ತಕಗಳಿಗೆ ಹೊಸ ಹೊದಿಕೆ ಹಾಕಿ ಕೊಡುತ್ತಿರುವಳು. ಬಿಡುವಿದ್ದ ಇತರ ಪೂರ್ವವಿದ್ಯಾರ್ಥಿನಿಯರೂ ಬಂದರೆ ಕಂದು ಕಾಗದವೂ ಅಂಟೂ ನಮ್ಮಲ್ಲಿರುವವು.