ಹಳೇ ರ‍್ಯಾಮ್, ಹೊಸ ಮೆಷಿನ್: ರಿಪೇರಿ ಟೇಬಲ್ ಕಲಿಸಿದ ಪಾಠಗಳು

ಕೆಟ್ಟುಹೋಯಿತೆಂದು ಗುಜರಿಗೆ ಹೊರಟ ಕಂಪ್ಯೂಟರ್ ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಹೋಗಿರುವುದು ಎಸ್‌ಎಂಪಿಎಸ್, ಹಾರ್ಡ್ ಡಿಸ್ಕ್, ಇಲ್ಲವೇ ಮದರ್‌ಬೋರ್ಡ್. ರ‍್ಯಾಮ್ ಮಾತ್ರ ಗಟ್ಟಿಮುಟ್ಟಾಗಿರುತ್ತದೆ. ಅದರಲ್ಲಿ ತಿರುಗುವ ಭಾಗವಿಲ್ಲ, ಎಸ್‌ಎಸ್‌ಡಿಯಂತೆ ಬರೆದೂ ಬರೆದೂ ಸವೆಯುವುದೂ ಇಲ್ಲ. ಅದಕ್ಕೇ ನಾನು ಅದನ್ನು ಬಿಚ್ಚಿ ಎತ್ತಿಡುತ್ತೇನೆ. ಅದು ಎಲ್ಲಿ ಒದಗುತ್ತದೆ, ಎಲ್ಲಿ ಒದಗುವುದಿಲ್ಲ ಎಂಬುದು ಗೊತ್ತಿದ್ದರೆ ಸಾವಿರಾರು ರೂಪಾಯಿ ಉಳಿಯುತ್ತದೆ.

1. ಮೊದಲು ತಲೆಮಾರು, ಆಮೇಲೆ ಜಿಬಿ

"ಎಂಟು ಜಿಬಿ ಇದೆ, ಹಾಕಿಕೊಡಿ ಸಾರ್" ಎಂದು ಗಿರಾಕಿಗಳು ಕೊಡುತ್ತಾರೆ. ನಾನು ಮೊದಲು ನೋಡುವುದು ಅದು ಡಿಡಿಆರ್3ಯೋ, 4ಓ ಎಂದು. ಡೆಸ್ಕ್‌ಟಾಪಿನ ಡಿಡಿಆರ್3ಗೆ 240 ಪಿನ್. ಡಿಡಿಆರ್4ಕ್ಕೂ 5ಕ್ಕೂ 288. ಪಿನ್ ಲೆಕ್ಕ ಒಂದೇ ಆದರೂ ಈ ಎರಡರ ಕಚ್ಚು ಇರುವ ಜಾಗ ಬೇರೆ. ಕೂರದ ಸ್ಟಿಕ್ಕನ್ನು ಒತ್ತಿ ಕೂರಿಸಲು ಹೋಗಬೇಡಿ, ಸ್ಲಾಟ್ ಒಡೆಯುತ್ತದೆ.

2. ಸ್ಟಿಕ್ಕರಿನಲ್ಲಿ ಎಲ್ಲವೂ ಇದೆ

ಪಿಸಿ3-12800 ಎಂದಿದ್ದರೆ ಅದು ಡಿಡಿಆರ್3. 12800 ಅನ್ನು 8ರಿಂದ ಭಾಗಿಸಿ, 1600 ಬರುತ್ತದೆ. ಅದೇ ಅದರ ವೇಗ. ಪಿಸಿ4-19200 ಎಂದರೆ ಡಿಡಿಆರ್4, ವೇಗ 2400.

3. 'ಎಲ್' ಅಕ್ಷರವನ್ನು ಕಡೆಗಣಿಸಬೇಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಹಳೇ ಡಿಡಿಆರ್3ಗೆ ಬೇಕಾದದ್ದು 1.5 ವೋಲ್ಟ್. ಸ್ಟಿಕ್ಕರಿನಲ್ಲಿ ಪಿಸಿ3ಎಲ್ ಎಂದಿದ್ದರೆ 1.35 ವೋಲ್ಟಿನಲ್ಲೇ ಓಡುತ್ತದೆ. 'ಎಲ್' ಇರುವುದು 1.5 ವೋಲ್ಟಿನ ಹಳೇ ಸ್ಲಾಟಿನಲ್ಲೂ ಹೊಂದಿಕೊಂಡು ಹೋಗುತ್ತದೆ. 'ಎಲ್' ಇಲ್ಲದ್ದನ್ನು 1.35 ವೋಲ್ಟಿನ ಲ್ಯಾಪ್‌ಟಾಪಿಗೆ ಹಾಕಿದರೆ ನಡೆಯುವುದಿಲ್ಲ.

ಒಮ್ಮೆ ಕಾಲೇಜು ಹುಡುಗನೊಬ್ಬ ಇಂಟೆಲ್ ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪ್ ತಂದಿದ್ದ. ಅಣ್ಣನ ಹಳೇ ಲ್ಯಾಪ್‌ಟಾಪಿನ 4 ಜಿಬಿ ಸ್ಟಿಕ್ಕನ್ನು ತಾನೇ ಹಾಕಿದ್ದನಂತೆ. ಪವರ್ ಲೈಟ್ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ. "ಬೋರ್ಡ್ ಸುಟ್ಟುಹೋಯ್ತಾ ಸಾರ್?" ಎಂದು ಹೆದರಿದ್ದ. ಹಿಂದಿನ ಮುಚ್ಚಳ ತೆಗೆದು ಸ್ಟಿಕ್ಕರ್ ನೋಡಿದೆ: ಪಿಸಿ3-12800ಎಸ್. ನನ್ನ ಡಬ್ಬಿಯಿಂದ ಅಷ್ಟೇ ಜಿಬಿಯ, ಅಷ್ಟೇ ವೇಗದ, ಪಿಸಿ3ಎಲ್ ಎಂದಿದ್ದ ಸ್ಟಿಕ್ ಹಾಕಿದ ಕೂಡಲೇ ಸ್ಕ್ರೀನ್ ಬಂತು. ಬೋರ್ಡಿಗೆ ಏನೂ ಆಗಿರಲಿಲ್ಲ.

4. ಕೈಯಲ್ಲಿ ಡಿಡಿಆರ್4 ಇದ್ದರೆ ಬೋರ್ಡನ್ನೇ ಅದಕ್ಕೆ ತಕ್ಕಂತೆ ಆರಿಸಿ

ಇಂಟೆಲ್‌ನ 12, 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಡಿಡಿಆರ್4 ಮತ್ತು 5 ಎರಡನ್ನೂ ಒಪ್ಪುತ್ತವೆ. ಯಾವುದು ಎಂದು ತೀರ್ಮಾನಿಸುವುದು ಬೋರ್ಡ್. ಎಎಂಡಿಯ ಎಎಂ4 ಬೋರ್ಡಾದರೆ ಡಿಡಿಆರ್4 ಮಾತ್ರ, 2022ರಲ್ಲಿ ಬಂದ ಎಎಂ5 ಆದರೆ ಡಿಡಿಆರ್5 ಮಾತ್ರ. ಕೈಯಲ್ಲಿ ಒಳ್ಳೆಯ 16 ಜಿಬಿ ಡಿಡಿಆರ್4 ಇರುವವರು ಆಫೀಸು, ಓದು, ಟ್ಯಾಲಿ ಕೆಲಸಕ್ಕೆ ಡಿಡಿಆರ್5ಗೆಂದು ಹಣ ಸುರಿಯುವುದು ನನ್ನ ಪ್ರಕಾರ ದಂಡ.

ಡಿಡಿಆರ್3 ಉಳಿಸಿಕೊಳ್ಳಲೆಂದು ಬೋರ್ಡ್ ಹುಡುಕುವುದು ಬೇಡ. 2015ರ ಆರನೇ ತಲೆಮಾರಿಗೆ ಡಿಡಿಆರ್3 ಸ್ಲಾಟಿನ ಕೆಲವು ಬೋರ್ಡುಗಳು ಬಂದವು ನಿಜ, ಆದರೆ ಆ ಪ್ರೊಸೆಸರಿಗೆ ಇಂಟೆಲ್ ಒಪ್ಪಿದ್ದು 1.35 ವೋಲ್ಟಿನದನ್ನು ಮಾತ್ರ. ಡಿಡಿಆರ್3 ಅದೇ ಕಾಲದ ಮತ್ತೊಂದು ಮೆಷಿನ್ನಿಗೆ ಹೋಗಲಿ. ಮೂರು, ನಾಲ್ಕನೇ ತಲೆಮಾರಿನ ಡೆಸ್ಕ್‌ಟಾಪನ್ನು 4ರಿಂದ 8 ಜಿಬಿಗೆ ಏರಿಸಿ, ಎಸ್‌ಎಸ್‌ಡಿ ಕೂರಿಸಿ, ಲಿನಕ್ಸ್ ಹಾಕಿದರೆ ಮಕ್ಕಳ ಟೈಪಿಂಗ್ ಕಲಿಕೆಗೆ ಧಾರಾಳ ಸಾಕು.

5. ಬೆರಕೆ ಮಾಡಬಹುದು, ಪರೀಕ್ಷಿಸಿದ ಮೇಲೆ

2666ರ ಜೊತೆ 2400 ಹಾಕಿದರೆ ಎರಡೂ 2400ರಲ್ಲೇ ಓಡುತ್ತವೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಜೋಡಿಯನ್ನು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡು ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಕೆಲವು ಜೋಡಿಗಳು ಮಾತ್ರ ಬೇರೆಬೇರೆಯಾಗಿ ಚೆನ್ನಾಗಿದ್ದು, ಒಟ್ಟಿಗೆ ಹಾಕಿದರೆ ಎತ್ತು ಏರಿಗೆ ಕೋಣ ನೀರಿಗೆ ಎಂಬಂತೆ ಎಳೆದಾಡುತ್ತವೆ. ಅಂಥವನ್ನು ಬೇರೆ ಮಾಡಿಬಿಡಿ.

6. ಸರ್ವರ್ ರ‍್ಯಾಮ್ ಅಗ್ಗವೆಂದು ಮರುಳಾಗಬೇಡಿ

ರಿಜಿಸ್ಟರ್ಡ್ ಡಿಡಿಆರ್4 ಮನೆಯ ಬೋರ್ಡಿನ ಸ್ಲಾಟಿಗೆ ಸಲೀಸಾಗಿ ಕೂರುತ್ತದೆ, ಆದರೆ ಮೆಷಿನ್ ಏಳುವುದಿಲ್ಲ. ಸ್ಟಿಕ್ಕಿನ ನಡುವೆ ಬೇರೆ ಆಕಾರದ ಒಂದು ಚಿಪ್ ಕಂಡರೆ ಮತ್ತೆ ವಿಚಾರಿಸಿ.

7. ಆನ್ ಆಯಿತೆಂದರೆ ಸರಿ ಇದೆ ಎಂದಲ್ಲ

ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ವೈರು ಕಿತ್ತು, ಪವರ್ ಬಟನ್ ಕೆಲ ಸೆಕೆಂಡು ಒತ್ತಿಹಿಡಿದು, ಕೇಸಿನ ಲೋಹ ಮುಟ್ಟಿ ಆಮೇಲೆ ಸ್ಟಿಕ್ ಹಿಡಿಯಿರಿ, ಅದೂ ಅಂಚಿನಲ್ಲಿ. ಪಿನ್ನಿನ ಕಪ್ಪನ್ನು ಮೆತ್ತನೆಯ ರಬ್ಬರಿನಿಂದ ಒರೆಸಿ ಪುಡಿ ಊದಿಬಿಡಿ. ಮೊದಲ ಸಲ ಡಿಸ್‌ಪ್ಲೇ ಬರುವುದು ತಡವಾದರೆ ಒಂದೆರಡು ನಿಮಿಷ ಕಾಯಿರಿ, ಬೋರ್ಡ್ ಹೊಸ ಸ್ಟಿಕ್ಕಿಗೆ ಹೊಂದಿಕೊಳ್ಳುತ್ತಿರುತ್ತದೆ. ಬಳಿಕ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86+ ಹಾಕಿ ರಾತ್ರಿಯಿಡೀ ಬಿಡಿ. ಅದು ಉಚಿತ. ಬೆಳಿಗ್ಗೆ ಒಂದೇ ಒಂದು ಎರರ್ ಕಂಡರೂ ಒಂದೊಂದೇ ಸ್ಟಿಕ್ ಹಾಕಿ ಮತ್ತೆ ಓಡಿಸಿ, ಆಗಲೂ ತಪ್ಪು ತೋರಿಸಿದ್ದನ್ನು ಎಸೆಯಿರಿ. ಆ ಒಂದು ತಪ್ಪೇ ನಾಳೆ ವಿಂಡೋಸ್ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲಿಸುತ್ತದೆ, ಇಲ್ಲವೇ ಮಗುವಿನ ನಾಮಕರಣದ ಫೋಟೋ ಕಾಪಿ ಮಾಡುವಾಗ ಸದ್ದಿಲ್ಲದೆ ಕೆಡಿಸುತ್ತದೆ.

ಬೋರ್ಡ್ ಕೊಳ್ಳಲು ಎಸ್.ಪಿ. ರೋಡಿಗೋ ನಿಮ್ಮೂರಿನ ಅಂಗಡಿಗೋ ಹೊರಡುವ ಮೊದಲು ಹಳೇ ಸ್ಟಿಕ್ಕರಿನ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಅದನ್ನು ಅಂಗಡಿಯವರಿಗೆ ತೋರಿಸಿ, "ಇದು ಓಡುವ ಬೋರ್ಡೇ ಬೇಕು" ಎಂದು ಕೇಳಿ.