ವಿಹಾರದ ದಿನ

ಅಮೆರಿಕಾದ ಲಾಸ್ ಏಂಜಲಿಸ್ ನಗರದಲ್ಲಿ ಗ್ರಿಫಿತ್ ಪಾರ್ಕ್ ಎಂಬ ವಿಶಾಲವಾದ ಉದ್ಯಾನವಿದೆ. ಅಲ್ಲಿ ಮರದ ಕುದುರೆಗಳು ಸಂಗೀತದೊಡನೆ ಗುಂಡಗೆ ತಿರುಗುವ ಯಂತ್ರವೊಂದನ್ನು ಮಕ್ಕಳಿಗಾಗಿ ನಿಲ್ಲಿಸಿದ್ದರು. 1940ರ ಆಸುಪಾಸಿನಲ್ಲಿ ಬಿಡುವಿನ ದಿನಗಳಂದು ಒಬ್ಬ ತಂದೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆತರುತ್ತಿದ್ದನು. ಮಕ್ಕಳು ಕುದುರೆಗಳನ್ನೇರಿ ನಲಿಯುವರು. ತಂದೆಯು ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತ ಕಾಯುವನು. ಹೀಗೆ ಕಾಯುತ್ತಿರುವಾಗ ಆತನ ಮನಸ್ಸಿನಲ್ಲಿ ಒಂದು ಆಲೋಚನೆ ಮೂಡಿತು. ಮಕ್ಕಳು ಆಡುವುದು, ಹಿರಿಯರು ಕಾಯುವುದು, ಇದಕ್ಕೆ ಬದಲಾಗಿ ತಂದೆತಾಯಿಗಳೂ ಮಕ್ಕಳೂ ಕೂಡಿ ಸಂತೋಷಪಡುವಂಥ ಸ್ಥಳವೊಂದು ಏಕೆ ಇರಬಾರದು?

ಆ ತಂದೆಯೇ ವಾಲ್ಟ್ ಡಿಸ್ನಿ. 1928ರಲ್ಲಿ ಮಿಕ್ಕಿ ಮೌಸ್ ಎಂಬ ಇಲಿಯನ್ನು ಚಿತ್ರಪಟದ ಮೇಲೆ ಕುಣಿಸಿ ಜಗತ್ತನ್ನು ನಗಿಸಿದ ಕಲಾವಿದರು ಅವರು. ಬೆಂಚಿನ ಮೇಲೆ ಮೂಡಿದ ಆಲೋಚನೆಯ ವಿಷಯವನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಅದನ್ನು ಕಾರ್ಯಗತಗೊಳಿಸಲು ಅವರಿಗೆ ಹಲವು ವರ್ಷಗಳು ಹಿಡಿದವು. ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ 1843ರಿಂದಲೂ ನಡೆದುಬಂದಿರುವ ಟಿವೊಲಿ ಉದ್ಯಾನವನ್ನು ಅವರು ಕಂಡು ಅಲ್ಲಿಯ ಚೊಕ್ಕಟತನವನ್ನು ಮೆಚ್ಚಿದರು. ಸ್ಥಳದ ಆಯ್ಕೆಗಾಗಿ 1953ರಲ್ಲಿ ತಜ್ಞರಿಂದ ಅಧ್ಯಯನ ಮಾಡಿಸಿದರು. ಕೊನೆಗೆ ಲಾಸ್ ಏಂಜಲಿಸ್‌ಗೆ ಸಮೀಪದ ಅನಾಹೈಮ್ ಎಂಬಲ್ಲಿ ಕಿತ್ತಳೆ ತೋಟಗಳಿದ್ದ 160 ಎಕರೆ ನೆಲವನ್ನು ಆರಿಸಿಕೊಂಡರು. ಒಂದೇ ವರ್ಷದಲ್ಲಿ, ಸುಮಾರು ಒಂದು ಕೋಟಿ ಎಪ್ಪತ್ತು ಲಕ್ಷ ಡಾಲರುಗಳ ವೆಚ್ಚದಲ್ಲಿ, ಡಿಸ್ನಿಲ್ಯಾಂಡ್ ತಲೆಯೆತ್ತಿತು.

1955ರ ಜುಲೈ 17ರಂದು ಅದರ ಪ್ರಾರಂಭೋತ್ಸವ ನಡೆಯಿತು. ಆ ದಿನದ ಕಥೆ ಬೋಧಪ್ರದವಾದುದು. ಖೋಟಾ ಚೀಟಿಗಳನ್ನು ಹಿಡಿದು ಬಂದವರಿಂದಾಗಿ ಆಹ್ವಾನಿತರಿಗಿಂತ ಎಷ್ಟೋ ಹೆಚ್ಚು ಮಂದಿ ಒಳಹೊಕ್ಕರು. ಬಿಸಿಲು ಸುಡುತ್ತಿತ್ತು. ಹೊಸದಾಗಿ ಹಾಕಿದ ಡಾಂಬರು ಮೆತ್ತಗಾಗಿ ಹೆಂಗಸರ ಪಾದರಕ್ಷೆಗಳ ಹಿಮ್ಮಡಿಗಳು ಅದರಲ್ಲಿ ಹೂತುಹೋದವು. ಕೊಳಾಯಿ ಕೆಲಸಗಾರರ ಮುಷ್ಕರದ ಕಾರಣ, ಕುಡಿಯುವ ನೀರಿನ ನಲ್ಲಿಗಳು, ಶೌಚಗೃಹಗಳು ಇವೆರಡರಲ್ಲಿ ಒಂದನ್ನು ಮಾತ್ರ ಸಕಾಲಕ್ಕೆ ಸಿದ್ಧಗೊಳಿಸಲು ಸಾಧ್ಯವಾಗಿತ್ತು. ಡಿಸ್ನಿಯವರು ಶೌಚಗೃಹಗಳನ್ನು ಆರಿಸಿಕೊಂಡಿದ್ದರು. ಮಾರಾಟಕ್ಕಿಟ್ಟಿದ್ದ ತಿಂಡಿತಿನಿಸುಗಳೂ ಮುಗಿದುಹೋದವು. ಕೋಟೆ, ರೈಲು, ದೋಣಿ ಎಲ್ಲವೂ ಇದ್ದವು. ಆದರೆ ಬಾಯಾರಿದವನಿಗೆ ಅವುಗಳಿಂದ ಏನು ಸುಖ? ಈ ಕೊರತೆಗಳನ್ನು ಬೇಗನೆ ತಿದ್ದಿಕೊಂಡುದರಿಂದ, ಎರಡು ತಿಂಗಳು ತುಂಬುವ ಮೊದಲೇ ಹತ್ತು ಲಕ್ಷ ಜನ ಅಲ್ಲಿಗೆ ಭೇಟಿಯಿತ್ತರು.

ಅದ್ಭುತಗಳನ್ನು ಸಜ್ಜುಗೊಳಿಸುವುದಕ್ಕಿಂತ ಮನುಷ್ಯನ ಸಣ್ಣ ಅಗತ್ಯಗಳನ್ನು ನೆನಪಿನಲ್ಲಿಡುವುದು ಕಷ್ಟ. ಉದ್ಯಾನವನ್ನು ಕಟ್ಟುವವರಿಗೆ ಹೇಗೋ, ಅಲ್ಲಿ ಒಂದು ದಿನವನ್ನು ಕಳೆಯಬಯಸುವ ಮನೆಮಂದಿಗೂ ಈ ಮಾತು ಹಾಗೆಯೇ ಅನ್ವಯಿಸುತ್ತದೆ. ಕರ್ನಾಟಕದಿಂದ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕುಟುಂಬವೊಂದನ್ನು ಊಹಿಸಿಕೊಳ್ಳಬಹುದು. ತಂದೆ, ತಾಯಿ, ಹದಿನಾಲ್ಕು ವರ್ಷದ ಮಗಳು, ಐದು ತುಂಬದ ಮಗ, ಜೊತೆಗೆ ಊರಿನಿಂದ ಬಂದಿರುವ ಅಜ್ಜಿ. ಡಿಸ್ನಿಲ್ಯಾಂಡಿಗೆ ಹೊರಡಲು ಇನ್ನು ಒಂದು ವಾರವಿದೆ. ತಂದೆಯು ಇಪ್ಪತ್ತು ಆಟಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಊಟದ ವೇಳೆಯಲ್ಲಿ ಓದುತ್ತಾನೆ. ಎಲ್ಲರೂ ಕೇಳುತ್ತಾರೆ. ಓದು ಮುಗಿದ ಮೇಲೆ ಅಜ್ಜಿಯು, “ಎಲ್ಲಾ ಚೆನ್ನಾಗಿದೆಯಪ್ಪ. ಅಲ್ಲಿ ನೆರಳಿನಲ್ಲಿ ಕೂರುವುದಕ್ಕೆ ಜಾಗವಿದೆಯೇ?” ಎಂದು ಕೇಳುತ್ತಾಳೆ. ಪಟ್ಟಿಯಲ್ಲಿ ಅದು ಇರಲಿಲ್ಲ.

ಆ ಪಟ್ಟಿಯಲ್ಲಿ ಇನ್ನೊಂದು ದೋಷವೂ ಉಂಟು. ಅದು ಲೆಕ್ಕದ ದೋಷ. ಮನೆಮಂದಿ ಉದ್ಯಾನದಲ್ಲಿ ಹತ್ತು ಗಂಟೆಗಳ ಕಾಲ ಇರುವರೆಂದು ಇಟ್ಟುಕೊಂಡರೆ, ಊಟಕ್ಕೂ ವಿಶ್ರಾಂತಿಗೂ ಎರಡು ಗಂಟೆಗಳನ್ನು ಕಳೆಯಬೇಕು. ಉಳಿಯುವುದು ಎಂಟು ಗಂಟೆ. ಜನಸಂದಣಿಯ ದಿನ ಒಂದೊಂದು ಆಟಕ್ಕೂ ಹತ್ತು ನಿಮಿಷದ ನಡಿಗೆ, ನಲವತ್ತೈದು ನಿಮಿಷ ಸರತಿಯ ಸಾಲಿನಲ್ಲಿ ನಿಲುವು, ಐದು ನಿಮಿಷದ ಆಟ ಎಂದು ಹಿಡಿದರೆ, ಒಟ್ಟು ಒಂದು ಗಂಟೆಯಾಯಿತು. ಆದುದರಿಂದ ಆ ದಿನ ಕೈಗೆಟುಕುವುದು ಎಂಟೇ ಆಟಗಳು, ಇಪ್ಪತ್ತಲ್ಲ. ಈ ಸರಳ ಗುಣಾಕಾರವನ್ನು ಮನೆಯಲ್ಲಿ ಮಾಡದವರು ಸಾಲಿನಲ್ಲಿ ನಿಂತು ಮಾಡಬೇಕಾಗುತ್ತದೆ. ಆಗ ಅವಸರ ಹುಟ್ಟುತ್ತದೆ, ಅವಸರದಿಂದ ಸಿಡುಕು, ಸಿಡುಕಿನಿಂದ ವಿಹಾರವೇ ದಂಡನೆಯಾಗುತ್ತದೆ.

ಹಿಂದೆ ಈ ಲೆಕ್ಕವನ್ನು ಡಿಸ್ನಿಲ್ಯಾಂಡಿನವರೇ ಒಂದು ಬಗೆಯಲ್ಲಿ ಮಾಡಿಸುತ್ತಿದ್ದರು. 1982ರವರೆಗೂ ಅಲ್ಲಿ ಚೀಟಿಗಳ ಪುಸ್ತಕವನ್ನು ಮಾರುವ ಪದ್ಧತಿಯಿತ್ತು. ಆಟಗಳಿಗೆ ತಕ್ಕಂತೆ ಚೀಟಿಗಳಲ್ಲಿ ವರ್ಗಗಳಿದ್ದವು. ಅತ್ಯಂತ ರೋಮಾಂಚಕಾರಿಯಾದ ಆಟಗಳಿಗೆ ‘ಇ’ ವರ್ಗದ ಚೀಟಿ ಬೇಕಾಗುತ್ತಿತ್ತು. ಅವು ಪುಸ್ತಕದಲ್ಲಿ ಕೆಲವೇ ಇರುತ್ತಿದ್ದವು. ಯಾವುದಕ್ಕೆ ಅವನ್ನು ಬಳಸಬೇಕೆಂದು ಯೋಚಿಸದೆ ವಿಧಿಯಿರಲಿಲ್ಲ. ಅನಂತರ ಒಂದೇ ಪ್ರವೇಶಶುಲ್ಕದ ಪದ್ಧತಿ ಬಂದಿತು. ಇಂದು ಚೀಟಿಯ ಪುಸ್ತಕವಿಲ್ಲ. ಆದರೆ ವೇಳೆಯೇ ಚೀಟಿಯಾಗಿದೆ. ಅದನ್ನು ಹರಿದುಕೊಡುವ ಮೊದಲು ಯೋಚಿಸುವ ಹೊಣೆ ಈಗ ಮನೆಯವರ ಮೇಲೆಯೇ ಬಿದ್ದಿದೆ.

ಹಣದ ವಿಷಯದಲ್ಲಿಯೂ ಮುಂದಾಲೋಚನೆ ಬೇಕು. ಡಿಸ್ನಿಲ್ಯಾಂಡಿನಲ್ಲಿ ಪ್ರವೇಶಶುಲ್ಕವು ದಿನದಿಂದ ದಿನಕ್ಕೆ ಬೇರೆಯಾಗಿರುತ್ತದೆ. ಜನ ಹೆಚ್ಚಾಗಿ ಬರುವ ದಿನಗಳಲ್ಲಿ ಹೆಚ್ಚು, ಉಳಿದ ದಿನಗಳಲ್ಲಿ ಕಡಿಮೆ. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಶುಲ್ಕವಿಲ್ಲ. ಆದರೆ ಶುಲ್ಕವೊಂದೇ ವೆಚ್ಚವಲ್ಲ. ಪ್ರಯಾಣ, ವಾಹನ ನಿಲುಗಡೆ, ಊಟ, ಮಕ್ಕಳು ಬಯಸುವ ಆಟಿಕೆಗಳು ಇವೆಲ್ಲವೂ ಸೇರುತ್ತವೆ. ಆಟಿಕೆಗೆ ಇಷ್ಟು ಹಣವೆಂದು ಮನೆಯಲ್ಲಿಯೇ ಮಕ್ಕಳೊಡನೆ ಮಾತಾಡಿಕೊಂಡರೆ ಅಂಗಡಿಯ ಮುಂದೆ ಅಳುವ ಪ್ರಸಂಗ ಒದಗದು. ಮನೆಯಿಂದ ತಿಂಡಿಯನ್ನು ಒಯ್ಯಲು ಅಲ್ಲಿ ಅವಕಾಶವುಂಟು. ಕೆಲವು ಉದ್ಯಾನಗಳಲ್ಲಿ ಈ ಅವಕಾಶವಿರುವುದಿಲ್ಲವಾದುದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಇನ್ನು ಮಕ್ಕಳ ಎತ್ತರ. ವೇಗದ ಆಟಗಳಲ್ಲಿ ಕುಳಿತವರನ್ನು ಕಂಬಿಯೋ ಪಟ್ಟಿಯೋ ಹಿಡಿದಿಟ್ಟಿರುತ್ತದೆ. ಮೈ ತೀರ ಚಿಕ್ಕದಾದರೆ ಆ ಹಿಡಿತ ಸಾಲದು. ಆದುದರಿಂದಲೇ ಎತ್ತರದ ಮಿತಿಯನ್ನು ಗೊತ್ತುಮಾಡಿರುತ್ತಾರೆ. ಸ್ವಿಟ್ಜರ್ಲೆಂಡಿನ ಮ್ಯಾಟರ್‌ಹಾರ್ನ್ ಶಿಖರದ ಮಾದರಿಯಲ್ಲಿ ಕಟ್ಟಿದ ಬೆಟ್ಟದ ಸುತ್ತ ಇಳಿಯುವ ಬಂಡಿಗಳ ಆಟ 1959ರಲ್ಲಿ ಪ್ರಾರಂಭವಾಯಿತು. ಉಕ್ಕಿನ ಕೊಳವೆಗಳನ್ನು ಹಳಿಯಾಗಿ ಬಳಸಿದ ಮೊದಲ ರೋಲರ್ ಕೋಸ್ಟರ್ ಅದು. ಅದನ್ನು ಏರಲು 107 ಸೆಂಟಿಮೀಟರ್ ಎತ್ತರವಿರಬೇಕು. ಕತ್ತಲೆಯಲ್ಲಿ ಓಡುವ ಸ್ಪೇಸ್ ಮೌಂಟನ್ ಎಂಬ ಆಟಕ್ಕೆ 102 ಸೆಂಟಿಮೀಟರ್ ಸಾಕು. ಈ ಮನೆಯ ಹುಡುಗನನ್ನು ಬಾಗಿಲ ಚೌಕಟ್ಟಿಗೆ ಆನಿಸಿ ಅಳೆದರೆ 104 ಸೆಂಟಿಮೀಟರ್. ಎರಡನೆಯದಕ್ಕೆ ಅವನು ಅರ್ಹ, ಮೊದಲನೆಯದಕ್ಕೆ ಅಲ್ಲ. ಇದು ಮನೆಯಲ್ಲಿಯೇ ತಿಳಿದರೆ ಚಿಕ್ಕ ನಿರಾಸೆ. ಒಂದು ಗಂಟೆ ಸಾಲಿನಲ್ಲಿ ನಿಂತ ಮೇಲೆ ತಿಳಿದರೆ ದೊಡ್ಡ ದುಃಖ. ಅರ್ಹನಾದ ಮಾತ್ರಕ್ಕೆ ಅವನು ಏರಲೇಬೇಕೆಂದೂ ಇಲ್ಲ. ಕತ್ತಲೆಗೆ ಅಂಜುವ ಮಗುವನ್ನು ಬಲವಂತದಿಂದ ಕೂರಿಸಿದರೆ ಅವನ ಪಾಲಿಗೆ ಆ ಇಡೀ ದಿನವು ಕತ್ತಲೆಯಾಗುವುದು.

ಹೀಗೆ ಒಬ್ಬರು ಏರಲಾಗದ ಕಡೆ ಉಳಿದವರು ಏನು ಮಾಡಬೇಕು? ಇದಕ್ಕೂ ಅಲ್ಲಿ ಒಂದು ಏರ್ಪಾಡಿದೆ. ಮೊದಲೇ ಕೇಳಿಕೊಂಡರೆ, ತಂದೆಯು ಮಗಳೊಡನೆ ಆಟವಾಡಿ ಬರುವವರೆಗೆ ತಾಯಿಯು ಚಿಕ್ಕ ಮಗನೊಡನೆ ಹೊರಗಿರಬಹುದು. ಬಳಿಕ ತಾಯಿಯು ಮತ್ತೆ ಆ ಉದ್ದನೆಯ ಸಾಲಿನಲ್ಲಿ ನಿಲ್ಲದೆ ಒಳಗೆ ಹೋಗಬಹುದು. ಕಾಯುವ ಕೆಲಸ ಯಾವಾಗಲೂ ಒಬ್ಬರ ಪಾಲಿಗೇ ಬೀಳದಿರಲೆಂಬುದು ಇದರ ಉದ್ದೇಶ. ಆದರೆ ಇದನ್ನು ಕೇಳಿ ಪಡೆಯುವ ನೆನಪು ಮನೆಯವರಲ್ಲಿರಬೇಕು.

ಉದ್ಯಾನದ ರಚನೆಯನ್ನು ತಿಳಿದಿದ್ದರೆ ಅನುಕೂಲ ಹೆಚ್ಚು. ಒಳಹೊಕ್ಕವರು ಹಳೆಯ ಕಾಲದ ಪೇಟೆಬೀದಿಯೊಂದರ ಮೂಲಕ ನಡೆದು ಕೋಟೆಯ ಮುಂದಣ ವೃತ್ತವನ್ನು ಸೇರುತ್ತಾರೆ. ಅಲ್ಲಿಂದ ಬೇರೆ ಬೇರೆ ವಿಭಾಗಗಳಿಗೆ ದಾರಿಗಳು ಕವಲೊಡೆಯುತ್ತವೆ. ಕೋಟೆಯ ಎತ್ತರ 77 ಅಡಿ ಮಾತ್ರ. ಮೇಲೆ ಹೋದಂತೆ ಕಲ್ಲುಗಳ ಅಳತೆಯನ್ನು ಕಿರಿದಾಗಿಸಿರುವುದರಿಂದ ಕಣ್ಣಿಗೆ ಅದು ಇನ್ನೂ ಎತ್ತರವಾಗಿ ತೋರುತ್ತದೆ. ಜಾತ್ರೆಗೆ ಹೋಗುವಾಗ ನಮ್ಮ ಹಿರಿಯರು, “ಕೈ ತಪ್ಪಿದರೆ ತೇರಿನ ಹತ್ತಿರ ಬಂದು ನಿಲ್ಲು” ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಇಲ್ಲಿ ಆ ಕೋಟೆಯೇ ತೇರು. ಚಿಕ್ಕ ಮಗುವಿನ ಜೇಬಿನಲ್ಲಿ ತಂದೆತಾಯಿಗಳ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟಿರುವುದು ಇನ್ನೂ ಕ್ಷೇಮ. ಬೆಳಗಿನ ಹೊತ್ತು ಸಾಲುಗಳು ಚಿಕ್ಕವು. ಆದುದರಿಂದ ಬಹುಜನಪ್ರಿಯವಾದ ಆಟಗಳನ್ನು ಆಗಲೇ ಮುಗಿಸಬೇಕು. ಬಿಸಿಲೇರಿದಾಗ ನೆರಳಿನ ಸ್ಥಳಗಳು ಹಿತ.

ಈಗ ಆ ಕುಟುಂಬದ ಪಟ್ಟಿಗೆ ಮರಳಬಹುದು. ಎಂಟು ಆಟಗಳು, ಐದು ಜನ. ಒಬ್ಬೊಬ್ಬರೂ ತಮಗೆ ಬೇಕಾದ ಒಂದನ್ನು ಆರಿಸಿದರೆ ಐದಾಯಿತು. ಮಗಳು ಮ್ಯಾಟರ್‌ಹಾರ್ನ್ ಬೆಟ್ಟವನ್ನು ಆರಿಸುತ್ತಾಳೆ. ಹುಡುಗನು ಉದ್ಯಾನವನ್ನು ಸುತ್ತುವ ಉಗಿಬಂಡಿಯನ್ನು. ಅಜ್ಜಿಯ ಆಯ್ಕೆ, ದೋಣಿಯಲ್ಲಿ ಕುಳಿತು ನಾನಾ ದೇಶಗಳ ಮಕ್ಕಳ ಬೊಂಬೆಗಳನ್ನು ನೋಡುತ್ತ ಸಾಗುವ ವಿಹಾರ. 1964ರಲ್ಲಿ ನ್ಯೂಯಾರ್ಕಿನ ವಿಶ್ವಮೇಳಕ್ಕಾಗಿ ಸಿದ್ಧಪಡಿಸಿದ ಆ ಪ್ರದರ್ಶನವನ್ನು 1966ರಲ್ಲಿ ಡಿಸ್ನಿಲ್ಯಾಂಡಿಗೆ ತಂದರು. ತಂದೆತಾಯಿಗಳೂ ಒಂದೊಂದನ್ನು ಹೇಳುತ್ತಾರೆ. ಉಳಿದ ಮೂರು ಗಂಟೆಗಳನ್ನು ಬರಿದಾಗಿಯೇ ಬಿಡುತ್ತಾರೆ. ದಾರಿಯಲ್ಲಿ ವಾದ್ಯಗೋಷ್ಠಿ ಎದುರಾಗಬಹುದು. ಹುಡುಗನಿಗೆ ನಿದ್ದೆ ಬರಬಹುದು. ಮೆಚ್ಚಿದ ಆಟವನ್ನು ಇನ್ನೊಮ್ಮೆ ಆಡಬೇಕೆನಿಸಬಹುದು. ಬಿಡುವಿಲ್ಲದ ಯೋಜನೆಯಲ್ಲಿ ಸಂತೋಷಕ್ಕೆ ಜಾಗವಿರುವುದಿಲ್ಲ.

ಇವು ದೂರದೇಶಕ್ಕೆ ಮಾತ್ರ ಸಲ್ಲುವ ಮಾತುಗಳಲ್ಲ. ನಮ್ಮಲ್ಲಿಯೂ ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯ ಬಳಿ 2005ರಲ್ಲಿ ವಂಡರ್‌ಲಾ ಎಂಬ ದೊಡ್ಡ ವಿಹಾರೋದ್ಯಾನ ಪ್ರಾರಂಭವಾಯಿತು. ಅಲ್ಲಿಯೂ ಸಾಲುಗಳುಂಟು, ಎತ್ತರದ ಮಿತಿಗಳುಂಟು, ಆಯಾಸಗೊಂಡ ಹಿರಿಯರೂ ಹಸಿದ ಮಕ್ಕಳೂ ಉಂಟು. ಊರ ಜಾತ್ರೆಗೆ ಹೋದರೂ ಲೆಕ್ಕ ಇದೇ.

ವಿಹಾರದ ಯೋಜನೆಯೆಂದರೆ ಬರಿಯ ವೇಳೆಯ ಹಂಚಿಕೆಯಲ್ಲ. ಜೊತೆಗೆ ಬರುವವರನ್ನು ಕುರಿತ ಚಿಂತನೆ. ಯಾರ ಕಾಲು ನೋಯುತ್ತದೆ, ಯಾರಿಗೆ ಹಸಿವು ತಡೆಯಲಾಗದು, ಯಾರು ತಮ್ಮ ಬಯಕೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದನ್ನು ಅರಿಯುವುದೇ ಅದರ ಮೊದಲ ಪಾಠ. ಮಧ್ಯಾಹ್ನದ ಬಿಸಿಲಿನಲ್ಲಿ ಅಜ್ಜಿಯು ಮರದ ನೆರಳಿನ ಬೆಂಚಿನ ಮೇಲೆ ಕೂರಬಹುದು. ಬೆಂಚಿನ ಮೇಲೆ ಕೂರುವುದು ತಪ್ಪಲ್ಲ. ಒಬ್ಬರನ್ನು ಅಲ್ಲಿ ಕೂರಿಸಿ ಮರೆತುಬಿಡುವುದು ತಪ್ಪು. ತನ್ನಿಷ್ಟದಿಂದ ಕುಳಿತ ಅಜ್ಜಿಯ ಪಕ್ಕದಲ್ಲಿ ಮೊಮ್ಮಗಳೂ ಬಂದು ಕುಳಿತು, ತಾನು ಕಂಡುದನ್ನೆಲ್ಲ ಹೇಳುತ್ತ ಕಡಲೆಕಾಯಿ ಸುಲಿದು ಕೊಟ್ಟರೆ, ಆ ಅರ್ಧ ಗಂಟೆಯೂ ವಿಹಾರವೇ ಸರಿ. ಹಿಂದೆ ಗ್ರಿಫಿತ್ ಪಾರ್ಕಿನಲ್ಲಿ ಒಬ್ಬನೇ ಕುಳಿತಿದ್ದ ತಂದೆ ಬಯಸಿದ್ದುದು ಇಂಥ ಒಡನಾಟವನ್ನೇ.